ಹಳೇ ಮಿಡಿ ಕೀಬೋರ್ಡ್ ಕಂಟ್ರೋಲರ್: ಆರಿಸುವುದು, ಬಿಚ್ಚಿ ತೊಳೆಯುವುದು, ವೇದಿಕೆಗೆ ಅಣಿಮಾಡುವುದು

ಮಿಡಿ (MIDI) ಎಂದರೆ ಸಂಗೀತ ಉಪಕರಣಗಳು ಒಂದಕ್ಕೊಂದು ಸಂದೇಶ ಕಳಿಸಲು ಒಪ್ಪಿಕೊಂಡ ಭಾಷೆ. ಮಿಡಿ ಕಂಟ್ರೋಲರ್‌ಗೆ ಸ್ವಂತ ದನಿ ಇಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಬಿರುಸಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬುದಷ್ಟನ್ನೇ ಅದು ಹೇಳುತ್ತದೆ. ನಾದ ಹುಟ್ಟುವುದು ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಸೌಂಡ್ ಮಾಡ್ಯೂಲಿನಲ್ಲೋ. ಹಳೇ ಕಂಟ್ರೋಲರ್‌ಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ. ಮೂವತ್ತು ವರ್ಷದ ಹಿಂದಿನ ಸೌಂಡ್ ಚಿಪ್ ಈಗ ಸಪ್ಪೆ ಅನ್ನಿಸಬಹುದು, ಆದರೆ ಆಗಿನ ಒಳ್ಳೆಯ ಕೀಗಳು ಬೆರಳಿಗೆ ಸಪ್ಪೆಯಾಗುವುದಿಲ್ಲ. ದನಿ ಹೊಸದಾಗುತ್ತಾ ಹೋಗುತ್ತದೆ, ಕೈ ಆಡುವ ಜಾಗ ಹಾಗೇ ಇರುತ್ತದೆ.

ಇನ್ನೊಂದು ಕಾರಣ ಮಿಡಿ ಎಂಬ ಒಪ್ಪಂದವೇ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಕೀಬೋರ್ಡ್‌ಗಳನ್ನು ಕೇಬಲ್‌ನಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ತೋರಿಸಿದರು. ಅದೇ ವರ್ಷ ಮಿಡಿ 1.0 ನಿಯಮಾವಳಿ ಪ್ರಕಟವಾಯಿತು. 2020ರಲ್ಲಿ ಬಂದ ಮಿಡಿ 2.0 ಕೂಡ ಹಳೆಯದನ್ನು ಕೈಬಿಡದೆ ಅದರ ಮೇಲೇ ಕಟ್ಟಿದ್ದು. ಹಾಗಾಗಿ 1980ರ ದಶಕದ ಯಮಹಾ ಕೆಎಕ್ಸ್88 ಇವತ್ತಿನ ಫೋನಿನ ಜೊತೆ ತಕರಾರಿಲ್ಲದೆ ಮಾತಾಡುತ್ತದೆ.

ದಾವಣಗೆರೆ, ಚಿತ್ರದುರ್ಗದ ಕಡೆ ಇದರ ಉಪಯೋಗ ದೊಡ್ಡದು. ಕಂಪನಿ ನಾಟಕಗಳಿವೆ, ರಸಮಂಜರಿ ತಂಡಗಳಿವೆ, ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆಗಳಿವೆ, ಸಾಣೇಹಳ್ಳಿಯಂಥ ರಂಗಕೇಂದ್ರವಿದೆ, ಊರೂರಿಗೆ ವಚನ ಗಾಯನ, ಭಜನಾ ಮಂಡಳಿಗಳಿವೆ. ಹಾರ್ಮೋನಿಯಂ ಮೇಲೆ ಪಳಗಿದ ಕೈಗೆ ಒಳ್ಳೆಯ ಕೀಗಳಿರುವ ಒಂದು ಕಂಟ್ರೋಲರ್ ಮತ್ತು ಒಂದು ಫೋನ್ ಸಿಕ್ಕರೆ ಪಿಟೀಲು, ಶಹನಾಯಿ, ತಂಬೂರಿ ಎಲ್ಲವೂ ಒಂದೇ ಮೇಜಿಗೆ ಬರುತ್ತವೆ.

ಯಾವುದನ್ನು ಕೊಳ್ಳಬೇಕು

ಆರ್ಕೆಸ್ಟ್ರಾ ತಂಡಗಳು ಕೈಬಿಟ್ಟ ಕೀಬೋರ್ಡ್‌ಗಳೇ ನಮ್ಮ ಕಡೆ ಸುಲಭವಾಗಿ ಸಿಗುವ ಮಾಲು. ಹಿಂಬದಿಯಲ್ಲಿ ಐದು ತೂತಿನ ದುಂಡು ಸಾಕೆಟ್ (ಇದೇ ಡಿನ್ ಸಾಕೆಟ್) ಇದ್ದು ಅದರ ಮೇಲೆ ‘ಮಿಡಿ ಔಟ್’ ಎಂದಿದ್ದರೆ, ದನಿ ಹಾಳಾಗಿರುವ ಹಳೇ ಯಮಹಾ ಪಿಎಸ್‌ಆರ್ ಕೂಡ ಕಂಟ್ರೋಲರ್ ಆಗಿ ದುಡಿಯುತ್ತದೆ. ಅಂಥದರಲ್ಲಿ ‘ಲೋಕಲ್ ಕಂಟ್ರೋಲ್’ ಎಂಬ ಆಯ್ಕೆಯನ್ನು ಆಫ್ ಮಾಡಿ. ಮಾಡದಿದ್ದರೆ ಒಳಗಿನ ದನಿಯೂ ಹೊರಗಿನ ದನಿಯೂ ಒಟ್ಟಿಗೆ ಬಂದು ಸ್ವರ ಎರಡೆರಡಾಗಿ ಕೇಳುತ್ತದೆ.

ಕಂಟ್ರೋಲರ್ ಎಂದೇ ತಯಾರಾದವುಗಳಲ್ಲಿ ರೋಲ್ಯಾಂಡ್ ಎ-80, ಸ್ಟುಡಿಯೋಲಾಜಿಕ್ ಎಸ್‌ಎಲ್-990 ಭಾರದ ಕೀಗಳ ಗುಂಪು. ಎಡಿರಾಲ್ ಪಿಸಿಆರ್, ಎಂ-ಆಡಿಯೋ ಕೀಸ್ಟೇಷನ್ ಮತ್ತು ಆಕ್ಸಿಜನ್, ಇ-ಮು ಎಕ್ಸ್‌ಬೋರ್ಡ್ ಇವೆಲ್ಲ ಹಗುರ ಕೀಗಳವು. ಎ-80ರಲ್ಲಿ ಒಂದೊಂದು ಕೀಯ ಒತ್ತಡವನ್ನೂ ಬೇರೆಬೇರೆಯಾಗಿ ಕಳಿಸುವ ಪಾಲಿಫೋನಿಕ್ ಆಫ್ಟರ್‌ಟಚ್ ಇದೆ. ಹೊಸ ಕಂಟ್ರೋಲರ್‌ಗಳಲ್ಲೂ ಅದು ಅಪರೂಪ. ಆದರೆ ಹಾರ್ಮೋನಿಯಂ ಕೈಗೆ ಪಿಯಾನೋ ತೂಕದ ಕೀ ಹಿಡಿಸುವುದಿಲ್ಲ. ಬೇಗಬೇಗ ತಾನ್ ಹಾಕುವವರು ಸ್ಪ್ರಿಂಗ್ ಇರುವ ಹಗುರ ಅಥವಾ ಅರೆಭಾರದ 49, 61 ಕೀಗಳನ್ನೇ ನೋಡುವುದು ಮೇಲು.

ಮುಖ್ಯವಾದ ಮಾತು ಒಂದಿದೆ. ಡಿನ್ ಸಾಕೆಟ್ ಇಲ್ಲದೆ ಯುಎಸ್‌ಬಿ ಮಾತ್ರ ಇದ್ದು, ಅದಕ್ಕೆ ಕಂಪನಿಯ ಡ್ರೈವರ್ (ಉಪಕರಣದ ಜೊತೆ ಮಾತಾಡಲು ಕಂಪ್ಯೂಟರಿಗೆ ಹಾಕುವ ತಂತ್ರಾಂಶ) ಬೇಕೇಬೇಕು ಎಂದಾದರೆ ಅದನ್ನು ಬಿಟ್ಟುಬಿಡಿ. ವಿಂಡೋಸ್ ಎಕ್ಸ್‌ಪಿ ಕಾಲದ ಡ್ರೈವರ್ ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಕೂರುವುದಿಲ್ಲ. ಯುಎಸ್‌ಬಿ ಮಿಡಿಗೆ ಎಲ್ಲರೂ ಒಪ್ಪಿದ ನಿಯಮ 1999ರಲ್ಲೇ ಬಂತು. ಅದನ್ನು ಪಾಲಿಸುವ ಕೀಬೋರ್ಡನ್ನು ‘ಕ್ಲಾಸ್ ಕಂಪ್ಲಯಂಟ್’ ಎನ್ನುತ್ತಾರೆ, ಅದಕ್ಕೆ ಡ್ರೈವರ್ ಬೇಡ. ಇದನ್ನು ತಿಳಿಯಲು ಮಾರುವವರ ಮಾತು ನಂಬಬೇಕಿಲ್ಲ. ಫೋನಿಗೆ ಯುಎಸ್‌ಬಿ ಉಪಕರಣ ಜೋಡಿಸುವ ಒಂದು ಓಟಿಜಿ ಪಿನ್ ಜೇಬಿನಲ್ಲಿಟ್ಟುಕೊಂಡು ಹೋಗಿ ಆಂಡ್ರಾಯ್ಡ್ ಫೋನಿಗೆ ಚುಚ್ಚಿ, ಯಾವುದಾದರೂ ಪಿಯಾನೋ ಆ್ಯಪ್ ತೆರೆಯಿರಿ. ಕೀ ಒತ್ತಿದಾಗ ನುಡಿದರೆ ಡ್ರೈವರ್ ಚಿಂತೆ ಇಲ್ಲ. ಕೆಲವು ಮಾದರಿಗಳಲ್ಲಿ ಕಂಪನಿ ಡ್ರೈವರ್‌ಗೂ ಸಾಮಾನ್ಯ ಡ್ರೈವರ್‌ಗೂ ನಡುವೆ ಬದಲಿಸುವ ಸೆಟ್ಟಿಂಗ್ ಇರುತ್ತದೆ. ನುಡಿಯದಿದ್ದರೆ ಅದನ್ನೂ ಹುಡುಕಿ ನೋಡಿ. ಡಿನ್ ಸಾಕೆಟ್ ಇದ್ದರೆ ಈ ಯಾವ ತಲೆನೋವೂ ಇಲ್ಲ.

ದುಡ್ಡು ಕೊಡುವ ಮುಂಚೆ

ಎಲ್ಲ ಕೀಗಳನ್ನೂ ಎಡದಿಂದ ಬಲಕ್ಕೆ ಒಂದೊಂದಾಗಿ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒತ್ತಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಎಂಬ ತಂತ್ರಾಂಶಗಳು ಬರುವ ಪ್ರತಿ ಸಂದೇಶವನ್ನೂ ಅಂಕಿಯಲ್ಲಿ ತೋರಿಸುತ್ತವೆ. ಒತ್ತಿದ ಬಿರುಸಿನ ಅಳತೆಗೆ ವೆಲಾಸಿಟಿ ಎನ್ನುತ್ತಾರೆ, ಅದು 1ರಿಂದ 127ರವರೆಗೆ. ಮೆಲ್ಲಗೆ ಒತ್ತಿದರೂ 127 ಬರುವ ಕೀ, ಎಷ್ಟು ಜಜ್ಜಿದರೂ 30 ದಾಟದ ಕೀ, ಸುಮ್ಮನಿರುವ ಕೀ ಇವನ್ನು ಗುರುತು ಹಾಕಿಕೊಳ್ಳಿ. ಅಲ್ಲೊಂದು ಇಲ್ಲೊಂದು ಕೀ ಹೀಗಿದ್ದರೆ ಹೆದರಬೇಡಿ, ಬಹುಮಟ್ಟಿಗೆ ಅದು ಬರೀ ಕೊಳೆ. ಒಂದರ ಪಕ್ಕ ಒಂದು ಎಂಟು ಕೀಗಳು ಸತ್ತಿದ್ದರೆ, ಅಥವಾ ಪ್ರತಿ ಎಂಟನೆಯ ಕೀ ಸತ್ತಿದ್ದರೆ ಲೆಕ್ಕ ಬೇರೆ. ಕೀಗಳನ್ನು ಎಂಟೆಂಟರ ಗುಂಪಾಗಿ ಜಾಲರಿಯಂತೆ ಹೆಣೆದಿರುತ್ತಾರೆ, ಅದರ ಒಂದು ಸಾಲು ಕಡಿದಿದೆ ಎಂದರ್ಥ. ಪಟ್ಟಿ ಕೇಬಲ್ ಸಡಿಲಗೊಂಡಿದ್ದರೆ ಸುಲಭ, ಬೋರ್ಡಿನ ದಾರಿಯೇ ಬಿರುಕುಬಿಟ್ಟಿದ್ದರೆ ಕಷ್ಟ. ಬೆಲೆ ಇಳಿಸಿ ಕೇಳಿ, ಇಲ್ಲವಾದರೆ ಬಿಡಿ.

ಕಂಪ್ಯೂಟರ್ ಇಲ್ಲದ ಕಡೆ ಮಿಡಿ ಔಟ್ ಪರೀಕ್ಷಿಸಲು ಒಂದು ಸಣ್ಣ ಎಲ್‌ಇಡಿ ಸಾಕು. ಡಿನ್ ಸಾಕೆಟ್‌ನ ನಡುವಿನ ತೂತು 2ನೇ ಪಿನ್, ಅದರ ಅಕ್ಕಪಕ್ಕದವು 4 ಮತ್ತು 5, ತೀರ ಅಂಚಿನ 1 ಮತ್ತು 3 ಖಾಲಿ. ಎಲ್‌ಇಡಿಯ ಉದ್ದ ಕಾಲು 4ಕ್ಕೆ, ಗಿಡ್ಡ ಕಾಲು 5ಕ್ಕೆ. ಕೀ ಒತ್ತಿದಾಗೆಲ್ಲ ಮಿಣುಕಬೇಕು. ಸಾಮಾನ್ಯವಾಗಿ ಎರಡೂ ದಾರಿಗೆ 220 ಓಮ್ ರೆಸಿಸ್ಟರ್ ಒಳಗೇ ಇರುವುದರಿಂದ ಎಲ್‌ಇಡಿ ಸುಡುವುದಿಲ್ಲ. ಏನೂ ಒತ್ತದಿದ್ದರೂ ಸಣ್ಣಗೆ ಮಿಣುಕುತ್ತಿದ್ದರೆ ಅದು ದೋಷವಲ್ಲ. ‘ನಾನಿದ್ದೇನೆ’ ಎಂದು ಸೆಕೆಂಡಿಗೆ ಮೂರು ಸಲವಾದರೂ ಹೇಳುವ ಆ್ಯಕ್ಟಿವ್ ಸೆನ್ಸಿಂಗ್ ಅದು. ಮಲ್ಟಿಮೀಟರ್ ಇದ್ದರೆ, ಸುಮ್ಮನಿರುವಾಗ 2 ಮತ್ತು 4ರ ನಡುವೆ ಸುಮಾರು 5 ವೋಲ್ಟ್, 2 ಮತ್ತು 5ರ ನಡುವೆಯೂ ಅಷ್ಟೇ ಇರಬೇಕು.

ಕರೆಂಟು

ಹಳೇ ಕೀಬೋರ್ಡ್ ಸತ್ತಿದೆ ಎಂದು ಮಾರುವವರಲ್ಲಿ ಅನೇಕರ ಬಳಿ ಸತ್ತಿರುವುದು ಅಡಾಪ್ಟರ್ ಮಾತ್ರ. ಆದರೆ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚುವುದೇ ದೊಡ್ಡ ಅಪಾಯ. ಕೀಬೋರ್ಡಿನ ಹಿಂದೆ ವೋಲ್ಟ್, ಮಿಲಿಆಂಪ್, ಆಮೇಲೆ ಎರಡು ಉಂಗುರಗಳ ಚಿತ್ರದಲ್ಲಿ ಪ್ಲಸ್ ಮೈನಸ್ ಯಾವ ಕಡೆ ಎಂಬುದು, ಈ ಮೂರೂ ಬರೆದಿರುತ್ತದೆ. ವೋಲ್ಟ್ ಮತ್ತು ಪ್ಲಸ್ ಮೈನಸ್ ತಪ್ಪದೆ ಹೊಂದಬೇಕು, ಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ. ಕೆಲವು ಕಂಪನಿಗಳದ್ದು ನಡುವೆ ಮೈನಸ್, ಕೆಲವರದ್ದು ನಡುವೆ ಪ್ಲಸ್. ಉಲ್ಟಾ ಚುಚ್ಚಿದರೆ ಒಳಗಿನ ರೆಗ್ಯುಲೇಟರ್ ಸುಡಬಹುದು. ಕೆಲವು ಹಳೆಯವು ಎಸಿ ಅಡಾಪ್ಟರ್ ಕೇಳುತ್ತವೆ, ಅದಕ್ಕೆ ಡಿಸಿ ಕೊಡಬಾರದು.

ಗಲ್ಫ್‌ನಿಂದ ತಂದ ಕೀಬೋರ್ಡ್ ಸಾಮಾನ್ಯವಾಗಿ ನಮ್ಮ 230 ವೋಲ್ಟ್‌ಗೆ ಹೊಂದುತ್ತದೆ. ಜಪಾನಿನಲ್ಲಿ ಮಾರಾಟವಾದದ್ದಕ್ಕೆ 100 ವೋಲ್ಟ್, ಅಮೆರಿಕದ್ದಕ್ಕೆ 120. ನೇರ ಪ್ಲಗ್ ಹಾಕಿದರೆ ಹೊಗೆ. ಇವಕ್ಕೆ ಇಳಿಕೆಯ ಟ್ರಾನ್ಸ್‌ಫಾರ್ಮರ್ ಬೇಕು. ಒಳಗೇ ಪವರ್ ಸಪ್ಲೈ ಇರುವ ಭಾರದ ಕೀಬೋರ್ಡುಗಳನ್ನು ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಬಿಚ್ಚಬೇಕು. ಆ ಭಾಗ ಕೆಟ್ಟಿದ್ದರೆ ಟಿವಿ ರಿಪೇರಿ ಬಲ್ಲವರ ಕೈಗೆ ಕೊಡಿ.

ಬಿಚ್ಚಿ ತೊಳೆಯುವುದು

ಕೆಲಸಕ್ಕೆ ಮುಂಚೆ, ಒಳಗೆ ಏನು ನಡೆಯುತ್ತದೆ ಎಂದು ತಿಳಿದಿರಲಿ. ಬಹುತೇಕ ಮಾದರಿಗಳಲ್ಲಿ ಪ್ರತಿ ಕೀಯ ಕೆಳಗೆ ರಬ್ಬರಿನ ಎರಡು ಗುಮ್ಮಟ, ಒಂದೊಂದರ ತಳದಲ್ಲಿ ಇದ್ದಿಲಿನ ಕರಿ ಬಿಲ್ಲೆ. ಕೀ ಇಳಿಯುವಾಗ ಒಂದು ಬಿಲ್ಲೆ ಮೊದಲು ಬೋರ್ಡಿಗೆ ತಾಗುತ್ತದೆ, ಇನ್ನೊಂದು ಚೂರು ತಡವಾಗಿ. ಈ ಎರಡರ ನಡುವಿನ ಹೊತ್ತನ್ನು ಅಳೆದೇ ಕೀಬೋರ್ಡ್ ಬಿರುಸನ್ನು ತಿಳಿಯುವುದು. ಮೊದಲ ಬಿಲ್ಲೆಗೆ ಕೊಳೆ ಹಿಡಿದರೆ ಅದು ತಡವಾಗಿ ತಾಗುತ್ತದೆ, ಅಂತರ ಕಿರಿದಾಗುತ್ತದೆ, ಮೆಲ್ಲಗೆ ಮುಟ್ಟಿದರೂ ಸ್ವರ ಕಿರುಚುತ್ತದೆ. ಎರಡನೆಯದಕ್ಕೆ ಕೊಳೆ ಹಿಡಿದರೆ ಅಂತರ ಹಿಗ್ಗಿ ಸ್ವರ ಕುಗ್ಗುತ್ತದೆ, ಇಲ್ಲವೇ ಬರುವುದೇ ಇಲ್ಲ. ನಮ್ಮ ಬಯಲುಸೀಮೆಯ ನುಣ್ಣನೆ ಧೂಳು, ಮಂಡಕ್ಕಿ ತಿಂದ ಎಣ್ಣೆಗೈ, ಆಯುಧಪೂಜೆಯಲ್ಲಿ ಕೀಗಳ ಮೇಲೆ ಉದುರಿದ ಕುಂಕುಮ ವಿಭೂತಿ, ಎಲ್ಲವೂ ಕೊನೆಗೆ ಬಂದು ಕೂರುವುದು ಈ ಬಿಲ್ಲೆಗಳ ಮೇಲೆಯೇ.

ಬೇಕಾದವು: ನಕ್ಷತ್ರ ಆಕಾರದ ಸ್ಕ್ರೂಡ್ರೈವರ್ ಎರಡು ಅಳತೆಯವು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿಲಿ, ಕಿವಿಗೆ ಹಾಕುವ ಹತ್ತಿಕಡ್ಡಿ ಒಂದು ಡಬ್ಬಿ, ನೂಲು ಬಿಡದ ಬಟ್ಟೆ, ಮೆತ್ತನೆ ಬ್ರಷ್, ಮೊಂಡು ತುದಿಯ ಕಡ್ಡಿ. ಆಲ್ಕೋಹಾಲ್ ಅನ್ನು ಮೊಬೈಲ್ ರಿಪೇರಿಯವರು ದಿನವೂ ಬಳಸುತ್ತಾರೆ, ಅವರಲ್ಲೇ ವಿಚಾರಿಸಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ನೀರೂ ಬೇರೆ ಪದಾರ್ಥವೂ ಇದ್ದು ಪದರ ಉಳಿಯಬಹುದು. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹತ್ತಿರಕ್ಕೂ ತರಬೇಡಿ, ರಬ್ಬರ್ ಉಬ್ಬಿ ಪ್ಲಾಸ್ಟಿಕ್ ಕರಗುತ್ತದೆ.

1. ಕೀಬೋರ್ಡನ್ನು ಮಂಚದ ಮೇಲೆ ಹಾಸಿದ ಮೆತ್ತನೆ ಬಟ್ಟೆಗೆ ಬೋರಲು ಹಾಕಿ. ಗುಂಡಿಗಳಿಗೆ ಭಾರ ಬೀಳದಂತೆ ಎರಡು ತುದಿಗೂ ಮಡಿಸಿದ ಟವೆಲ್ ಕೊಡಿ.

2. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲ್ಮೈಗೆ ತೂತು ಬೀಳುತ್ತದೆ. ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದು ಸಾಲಿನವನ್ನು ಹಾಕಿ, ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ.

3. ತಳವನ್ನು ಒಮ್ಮೆಗೇ ಎಳೆಯಬೇಡಿ. ತಂತಿಗಳು ಎರಡು ಕಡೆಗೂ ಕಟ್ಟಿಕೊಂಡಿರುತ್ತವೆ. ಪಟ್ಟಿ ಕೇಬಲ್‌ನ ಸಾಕೆಟ್‌ಗೆ ಸಣ್ಣ ಚಿಲಕ ಇದ್ದರೆ ಅದನ್ನು ಮೊದಲು ಎತ್ತಿ, ಆಮೇಲೆ ಕೇಬಲ್ ತೆಗೆಯಿರಿ. ಇಲ್ಲಿ ಅವಸರ ಮಾಡಿದರೆ ಮುರಿಯುವುದು ಆ ಚಿಲಕವೇ, ಅದು ಬಿಡಿಯಾಗಿ ಸಿಗುವುದಿಲ್ಲ.

4. ಕೀಗಳನ್ನು ತೆಗೆಯುವ ವಿಧಾನ ಮಾದರಿಗೊಂದು. ಬಹಳಷ್ಟರಲ್ಲಿ ಬಿಳಿ ಕೀಗಳನ್ನು ತೆಗೆದ ಮೇಲಷ್ಟೇ ಕಪ್ಪು ಕೀಗಳು ಬರುತ್ತವೆ. ಹಿಂದಿನ ಸ್ಪ್ರಿಂಗ್ ಬಿಚ್ಚುವಾಗ ಹಾರುತ್ತದೆ, ಅಂಗೈ ಅಡ್ಡ ಹಿಡಿಯಿರಿ. ಪ್ರತಿ ಕೀಯ ಅಡಿಗೆ ಪೆನ್ಸಿಲಿನಿಂದ ನಂಬರು ಬರೆಯಿರಿ. ಕೆಲವು ಮಾದರಿಗಳಲ್ಲಿ ಕೀ ತೆಗೆಯದೆ ಕೆಳಗಿನ ಬೋರ್ಡನ್ನೇ ಬಿಚ್ಚಿ ರಬ್ಬರಿಗೆ ತಲುಪಬಹುದು. ಆ ದಾರಿ ಇದ್ದರೆ ಅದನ್ನೇ ಹಿಡಿಯಿರಿ.

5. ರಬ್ಬರ್ ಪಟ್ಟಿಯನ್ನು ಬೋರ್ಡಿನಿಂದ ನೇರ ಮೇಲಕ್ಕೆ ಎತ್ತಿ, ಓರೆಯಾಗಿ ಎಳೆದರೆ ಮೊಳೆಯಂಥ ಕಾಲುಗಳು ಹರಿಯುತ್ತವೆ. ಉಗುರು ಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅದ್ದಿ ತೊಳೆಯಿರಿ, ಬಿಲ್ಲೆಗಳನ್ನು ಉಜ್ಜಬೇಡಿ. ಚೊಕ್ಕ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ನಮ್ಮ ಬೇಸಿಗೆಯ ಬಿಸಿಲಿಗೆ ಹಾಕಿದರೆ ಪಟ್ಟಿ ಸೊಟ್ಟಗಾಗುತ್ತದೆ.

6. ಬೋರ್ಡಿನ ಕರಿ ಪಟ್ಟೆಗಳನ್ನು ಆಲ್ಕೋಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒಂದೇ ದಿಕ್ಕಿಗೆ ಮೃದುವಾಗಿ ಒರೆಸಿ. ಹತ್ತಿಗೆ ಸ್ವಲ್ಪ ಕಪ್ಪು ಹತ್ತಿದರೆ ಪರವಾಗಿಲ್ಲ, ಮತ್ತೆಮತ್ತೆ ಹತ್ತುತ್ತಿದ್ದರೆ ನಿಲ್ಲಿಸಿ. ಅದು ಕೊಳೆಯಲ್ಲ, ಇದ್ದಿಲಿನ ಲೇಪವೇ ಬರುತ್ತಿದೆ. ಮರಳು ಕಾಗದ ಮುಟ್ಟಿಸಿದರೆ ಆ ಬೋರ್ಡ್ ಮುಗಿಯಿತು.

7. ಪಟ್ಟಿಯನ್ನು ಮರಳಿ ಕೂರಿಸುವಾಗ ಪ್ರತಿ ಕಾಲನ್ನೂ ಮೊಂಡು ಕಡ್ಡಿಯಿಂದ ತೂತಿಗೆ ಒತ್ತಿ. ಎಲ್ಲ ಕಾಲುಗಳೂ ಪೂರ್ತಿ ಕೂತಿರಬೇಕು. ಒಂದು ಕಡೆ ಎದ್ದಿದ್ದರೂ ಅಲ್ಲಿನ ಕೀ ಹುಚ್ಚಾಪಟ್ಟೆ ವೆಲಾಸಿಟಿ ಕೊಡುತ್ತದೆ. ಗುಮ್ಮಟದಿಂದ ಗಾಳಿ ಹೊರಹೋಗುವ ಸಣ್ಣ ಕಾಲುವೆ ಮುಚ್ಚಿರಬಾರದು.

8. ಎಲ್ಲ ಸ್ಕ್ರೂ ಬಿಗಿಯುವ ಮುಂಚೆಯೇ ಕೇಬಲ್ ಜೋಡಿಸಿ ಒಮ್ಮೆ ಪರೀಕ್ಷಿಸಿ.

ತೊಳೆದ ಮೇಲೂ ಒಂದೇ ಕೀ ಸತ್ತಿದ್ದರೆ ಆ ಕೀಯ ಡಯೋಡ್ ನೋಡಿ. ಮಲ್ಟಿಮೀಟರಿನ ಡಯೋಡ್ ಗುರುತಿನಲ್ಲಿ ಒಂದು ದಿಕ್ಕಿಗೆ 0.5ರಿಂದ 0.7, ಇನ್ನೊಂದು ದಿಕ್ಕಿಗೆ ಏನೂ ತೋರಿಸಬಾರದು. ಕೆಟ್ಟಿದ್ದರೆ ಸಾಮಾನ್ಯ 1ಎನ್4148 ಹಾಕಬಹುದು. ಕೀಗಳು ಟಕಟಕ ಸದ್ದು ಮಾಡುತ್ತಿದ್ದರೆ ಕೆಳಗಿನ ಉಣ್ಣೆಪಟ್ಟಿ ಗಟ್ಟಿಯಾಗಿದೆ, ಅದೇ ದಪ್ಪದ ಹೊಸ ಪಟ್ಟಿ ಅಂಟಿಸಿ. ದಪ್ಪ ಹೆಚ್ಚಾದರೆ ಕೀ ಪೂರ್ತಿ ಇಳಿಯದೆ ಎರಡನೇ ಬಿಲ್ಲೆ ತಾಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸ ಬಿಡಬೇಕು. ಮೊದಲ ದಿನ ನುಣುಪು, ಮರುತಿಂಗಳು ಧೂಳಿನ ಮುದ್ದೆ.

ಗುಂಡಿ, ಅಂಟು ಮೈ, ಸಾಕೆಟ್, ಬ್ಯಾಟರಿ

ಮುಟ್ಟದಿದ್ದರೂ ಅಂಕಿ ಕುಣಿಸುವ ತಿರುಗಿಸುವ ಗುಂಡಿಗೆ ಪ್ಲಾಸ್ಟಿಕ್‌ಗೆ ಹಾನಿಯಾಗದ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಕ್ಕ ಸಿಂಪಡಣೆ, ಆಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮೂವತ್ತು ನಲವತ್ತು ಸಲ ತಿರುಗಿಸುವುದು. ಸಾಮಾನ್ಯ ತುಕ್ಕು ಬಿಡಿಸುವ ಸ್ಪ್ರೇ ಬೇಡ. ಗುಣ ಕಾಣದಿದ್ದರೆ ಬದಲಿಸಿ. ಬಹಳಷ್ಟರಲ್ಲಿ ಇರುವುದು ಬಿ10ಕೆ ಎಂದು ಮುದ್ರಿಸಿದ 10 ಕಿಲೋಓಮ್ ಗುಂಡಿ, ಆದರೆ ಹಳೆಯದರ ಮೇಲಿನ ಬರಹ ಓದಿಯೇ ತನ್ನಿ.

2000ದ ನಂತರದ ಹಲವು ಕಂಟ್ರೋಲರ್‌ಗಳ ಮೈಗೆ ರಬ್ಬರಿನಂಥ ಮೆತ್ತನೆ ಲೇಪ ಇರುತ್ತದೆ. ಗಾಳಿಯ ತೇವಕ್ಕೆ ವರ್ಷಾನುಗಟ್ಟಲೆ ಸಿಕ್ಕಿ ಅದು ಒಡೆದು ಅಂಟಂಟಾಗುತ್ತದೆ. ಪೌಡರ್ ಬಳಿದರೆ ನಿಲ್ಲುವುದು ಎರಡು ದಿನ. ಲೇಪವನ್ನೇ ಆಲ್ಕೋಹಾಲ್ ಬಟ್ಟೆಯಿಂದ ಉಜ್ಜಿ ತೆಗೆಯುವುದೇ ಸರಿಯಾದ ದಾರಿ. ಅದರ ಜೊತೆ ಮುದ್ರಿತ ಅಕ್ಷರಗಳೂ ಹೋಗುತ್ತವೆ, ಆದ್ದರಿಂದ ಮೊದಲೇ ಫೋಟೋ ತೆಗೆದಿಡಿ. ಪರದೆಯ ಪಾರದರ್ಶಕ ಗಾಜಿಗೆ ಆಲ್ಕೋಹಾಲ್ ತಾಗಿಸಬೇಡಿ, ಅದು ಅಕ್ರಿಲಿಕ್ ಆಗಿದ್ದರೆ ಬಿರುಕು ಬಿಡುತ್ತದೆ.

ಯುಎಸ್‌ಬಿ ಸಾಕೆಟ್ ಅಲುಗಿಸಿದಾಗ ಸಂಪರ್ಕ ಹೋಗಿಬಂದರೆ ಬೆಸುಗೆ ಬಿರುಕುಬಿಟ್ಟಿದೆ. ಮೊಬೈಲ್ ರಿಪೇರಿಯವರು ಹತ್ತು ನಿಮಿಷದಲ್ಲಿ ಮರುಬೆಸುಗೆ ಹಾಕಿಕೊಡುತ್ತಾರೆ. ಸೆಟ್ಟಿಂಗ್ ನೆನಪಿಡುವ ಸಿಆರ್2032 ಬಿಲ್ಲೆ ಬ್ಯಾಟರಿ ಒಳಗಿದ್ದರೆ ವೋಲ್ಟ್ ಅಳೆಯಿರಿ, 3ರ ಬದಲು 2.5ಕ್ಕೆ ಇಳಿದಿದ್ದರೆ ಬದಲಿಸಬೇಕು. ತೆಗೆದ ಕ್ಷಣ ನೆನಪು ಅಳಿಸಿಹೋಗುವುದರಿಂದ ಮೊದಲು ಸಿಸೆಕ್ಸ್ ಡಂಪ್ ಮಾಡಿ, ಅಂದರೆ ಸೆಟ್ಟಿಂಗ್‌ಗಳನ್ನು ಮಿಡಿ ಸಂದೇಶವಾಗಿ ಕಳಿಸಿ ಕಂಪ್ಯೂಟರಿನಲ್ಲಿ ಉಳಿಸಿ. ಬ್ಯಾಟರಿಗೆ ನೇರ ಬೆಸುಗೆ ಹಾಕಬೇಡಿ, ಸಿಡಿಯಬಹುದು. ಹೋಲ್ಡರ್ ಕೂರಿಸಿ.

ಜೋಡಣೆ

ಡಿನ್ ಸಾಕೆಟನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಉಪಕರಣವೇ ಇಂಟರ್‌ಫೇಸ್. ಕೀಬೋರ್ಡಿನ ಔಟ್ ಇಂಟರ್‌ಫೇಸಿನ ಇನ್‌ಗೆ ಹೋಗಬೇಕು. ಅಗ್ಗದ ಕೇಬಲ್‌ಗಳ ಮೇಲಿನ ಬರಹ ಗೊಂದಲ ಮಾಡುತ್ತದೆ, ನುಡಿಯದಿದ್ದರೆ ಎರಡು ಪ್ಲಗ್ ಅದಲುಬದಲು ಮಾಡಿ ನೋಡಿ. ತೀರ ಅಗ್ಗದ ಕೆಲವು ಇಂಟರ್‌ಫೇಸುಗಳು ಉದ್ದದ ಸಿಸೆಕ್ಸ್ ಸಂದೇಶವನ್ನು ನುಂಗುತ್ತವೆ, ಕೆಲವಕ್ಕೆ ಒಳಗೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಇರುವುದಿಲ್ಲ. ರೋಲ್ಯಾಂಡ್ ಯುಎಂ-ಒನ್ ಎಂಕೆ2 ನಂಬಬಹುದಾದದ್ದು. ಫೋನ್, ಟ್ಯಾಬ್ಲೆಟ್‌ಗೆ ಹಾಕುವಾಗ ಅದರ ಸ್ವಿಚ್ಚನ್ನು ‘ಟ್ಯಾಬ್’ ಕಡೆ ಇಡಿ.

ಡಿನ್ ಮಿಡಿ ನಿಧಾನ ಎಂಬ ಮಾತಿದೆ. ಲೆಕ್ಕ ಹಾಕೋಣ: ಸೆಕೆಂಡಿಗೆ 31,250 ಬಿಟ್, ಒಂದು ಬೈಟಿಗೆ 10 ಬಿಟ್, ಒಂದು ಸ್ವರಕ್ಕೆ 3 ಬೈಟ್, ಅಂದರೆ ಒಂದು ಮಿಲಿಸೆಕೆಂಡಿಗಿಂತ ಚೂರು ಕಡಿಮೆ. ಕೈಗೂ ಕಿವಿಗೂ ನಡುವೆ ತಡ ಕೇಳಿಸುತ್ತಿದ್ದರೆ ಕಾರಣ ಬಹುತೇಕ ಕಂಪ್ಯೂಟರಿನ ಆಡಿಯೋ ಬಫರ್, ಅಂದರೆ ದನಿಯನ್ನು ಕೂಡಿಟ್ಟು ಹೊರಬಿಡುವ ತಾತ್ಕಾಲಿಕ ಜಾಗ. ವಿಂಡೋಸ್‌ನಲ್ಲಿ ತಡ ತಗ್ಗಿಸುವ ಆಸಿಯೋ (ASIO) ಡ್ರೈವರ್ ಹಾಕಿ ಬಫರನ್ನು 128 ಅಥವಾ 256ಕ್ಕೆ ಇಳಿಸಿ. ಬ್ಲೂಟೂತ್ ಸ್ಪೀಕರಿನಲ್ಲಂತೂ ನುಡಿಸಲೇಬೇಡಿ.

ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ಎತ್ತಿದಾಗ ಸ್ವರ ಎಳೆದರೆ, ಕೀಬೋರ್ಡ್ ಆಫ್ ಮಾಡಿ ಪೆಡಲ್ ಚುಚ್ಚಿ, ಅದರ ಮೇಲೆ ಕಾಲಿಡದೆ ಆನ್ ಮಾಡಿ. ಆನ್ ಆಗುವ ಗಳಿಗೆಯ ಸ್ಥಿತಿಯನ್ನು ಹಲವು ಮಾದರಿಗಳು ‘ಒತ್ತಿಲ್ಲ’ ಎಂದು ಎಣಿಸುತ್ತವೆ.

ಶ್ರುತಿ ಮತ್ತು ಗಮಕ

ಟ್ರಾನ್ಸ್‌ಪೋಸ್ ಗುಂಡಿ ಗಾಯಕರಿಗೆ ವರ. ಹಾಡುವವರ ಷಡ್ಜ ಮೊದಲ ಕಪ್ಪು ಮನೆಯಲ್ಲಿದ್ದು ನಿಮ್ಮ ಕೈಗೆ ಬಿಳಿ ಮನೆಯಿಂದ ಹಿಡಿಯುವ ಅಭ್ಯಾಸವಿದ್ದರೆ, ಒಂದು ಅರೆಸ್ವರ ಏರಿಸಿ ನಿಮ್ಮ ಅಭ್ಯಾಸದಲ್ಲೇ ನುಡಿಸಬಹುದು. ಕೀ ಒತ್ತಿ ಹಿಡಿದಿರುವಾಗ ಮಾತ್ರ ಟ್ರಾನ್ಸ್‌ಪೋಸ್ ಬದಲಿಸಬೇಡಿ. ಕೆಲವು ಹಳೇ ಕೀಬೋರ್ಡುಗಳು ಬಿಡುವಾಗ ಹೊಸ ನಂಬರಿನ ‘ನೋಟ್ ಆಫ್’ ಕಳಿಸುತ್ತವೆ, ಹಳೇ ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ.

ಗಮಕಕ್ಕೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ಬೇಕು, ಹಳೇ ಕಂಟ್ರೋಲರ್ ಆರಿಸುವಾಗ ಇದನ್ನು ಕೀಗಳಷ್ಟೇ ಗಮನವಿಟ್ಟು ನೋಡಿ. ಮಿಡಿಯಲ್ಲಿ ಇದಕ್ಕೆ 0ರಿಂದ 16383ರವರೆಗೆ ಮೆಟ್ಟಿಲುಗಳಿವೆ, ನಡು 8192. ಆದರೆ ಕೆಲವು ಹಳೆಯವು ಕಳಿಸುವುದು ಬರೀ 128 ಮೆಟ್ಟಿಲು, ಅಂದರೆ ಮೇಲಕ್ಕೆ 64. ಬೆಂಡ್ ವ್ಯಾಪ್ತಿ ಎರಡು ಅರೆಸ್ವರ ಇದ್ದರೆ ಒಂದು ಮೆಟ್ಟಿಲಿಗೆ ಸುಮಾರು 3 ಸೆಂಟ್ (ಅರೆಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್), ಕಿವಿಗೆ ನುಣುಪಾಗೇ ಕೇಳುತ್ತದೆ. ಅದೇ ವ್ಯಾಪ್ತಿಯನ್ನು ಹನ್ನೆರಡಕ್ಕೆ ಏರಿಸಿದರೆ ಮೆಟ್ಟಿಲಿಗೆ ಸುಮಾರು 19 ಸೆಂಟ್, ಜಾರು ತುಂಡುತುಂಡಾಗುತ್ತದೆ. ಹಾಗಾಗಿ ಅಂಥ ಕೀಬೋರ್ಡಿನಲ್ಲಿ ವ್ಯಾಪ್ತಿ ಎರಡರಿಂದ ನಾಲ್ಕರೊಳಗೆ ಇರಲಿ. ಚಕ್ರವನ್ನು ಮೆಲ್ಲನೆ ಸರಿಸಿದಾಗ ಆ ಮಿಡಿ ಸಂದೇಶ ತೋರಿಸುವ ತಂತ್ರಾಂಶದಲ್ಲಿ ಅಂಕಿ 128ರ ಜಿಗಿತದಲ್ಲಿ ಏರಿದರೆ ಅದು ಈ ಜಾತಿಯದು. ಚಕ್ರ ಬಿಟ್ಟಾಗ 8192ಕ್ಕೆ ಮರಳದಿದ್ದರೆ ಶ್ರುತಿಯೇ ಸರಿದಂತೆ. ಒಳಗಿನ ಗುಂಡಿ ತೊಳೆದು ಸ್ಪ್ರಿಂಗ್ ನೋಡಿ.

ಜಾತ್ರೆಯ ವೇದಿಕೆ

ಜನರೇಟರ್ ಕರೆಂಟು, ಸರಿಯಿಲ್ಲದ ಅರ್ಥಿಂಗ್, ಉದ್ದುದ್ದ ವೈರು ಇರುವ ಕಡೆ ಹಳೇ ಡಿನ್ ಸಂಪರ್ಕದ ಬೆಲೆ ಗೊತ್ತಾಗುವುದು. ಸಂದೇಶ ಪಡೆಯುವ ಕಡೆ ಆಪ್ಟೊಕಪ್ಲರ್ ಬೆಳಕಿನ ಮೂಲಕ ಸಂಕೇತ ದಾಟಿಸುತ್ತದೆ, ತಾಮ್ರದ ದಾರಿಯೇ ಇಲ್ಲ. ಎರಡು ಉಪಕರಣಗಳ ಅರ್ಥ್ ನಡುವೆ ಸುತ್ತು ಕಟ್ಟಿಕೊಳ್ಳದ್ದರಿಂದ ಆ ದಾರಿಯಲ್ಲಿ ಗುಂಯ್ ಸದ್ದು ಬರುವುದಿಲ್ಲ. ನೇರ ಯುಎಸ್‌ಬಿಯಲ್ಲಿ ಈ ರಕ್ಷಣೆ ಇಲ್ಲ. ಡಿನ್ ಕೇಬಲ್ 15 ಮೀಟರ್ ಮೀರದಿರಲಿ.

ಫೋನಿನಿಂದಲೇ ಕೀಬೋರ್ಡಿಗೆ ಕರೆಂಟು ಕೊಟ್ಟರೆ ಹಾಡಿನ ನಡುವೆ ಸಂಪರ್ಕ ಕಡಿಯಬಹುದು. ಅಡಾಪ್ಟರ್ ಸಾಕೆಟ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಸ್ವಂತ ಕರೆಂಟಿರುವ ಯುಎಸ್‌ಬಿ ಹಬ್ ಇಡಿ. ಸ್ವರ ಸಿಕ್ಕಿಕೊಂಡು ಕೂಗತೊಡಗಿದರೆ ಕಂಟ್ರೋಲ್ 123, ಅಂದರೆ ‘ಆಲ್ ನೋಟ್ಸ್ ಆಫ್’, ಅದನ್ನು ಎಡಗೈಗೆ ಸುಲಭವಾಗಿ ಸಿಗುವ ಒಂದು ಗುಂಡಿಗೆ ಮೊದಲೇ ಕಟ್ಟಿಡಿ.

ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಹತ್ತಿಬಟ್ಟೆ ಹೊದಿಸಿ, ಚೀಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಜು ಏರಿಸಿದ ಕಾರಿನಲ್ಲಿ ಬಿಟ್ಟರೆ ಕೀಗಳು ಬಾಗಿ ಒಂದಕ್ಕೊಂದು ಉಜ್ಜತೊಡಗುತ್ತವೆ. ಜಿರಲೆಗೆ ಹೆದರಿ ಚೀಲದಲ್ಲಿ ನುಸಿಗುಳಿಗೆ ಇಡುವವರಿದ್ದಾರೆ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಆಯುಧಪೂಜೆಯ ಅರಿಸಿನ ಕುಂಕುಮವನ್ನು ಸ್ಟ್ಯಾಂಡಿಗೆ ಹಚ್ಚಿ, ಹೂವನ್ನೂ ಅಲ್ಲೇ ಕಟ್ಟಿ. ಚೀಲದ ಪಕ್ಕದ ಜೇಬಿನಲ್ಲಿ ಇನ್ನೊಂದು ಡಿನ್ ಕೇಬಲ್, ಹೊಂದುವ ಇನ್ನೊಂದು ಅಡಾಪ್ಟರ್, ಓಟಿಜಿ ಪಿನ್ ಮತ್ತು ಆ ಎಲ್‌ಇಡಿ ಯಾವಾಗಲೂ ಇರಲಿ.